ಪಂತಿಯಲ್ಲಿ ಪಂತಲೋನೆ

ಅಕ್ಕನ ಮಗಳ ಮದುವೆ, ಎರಡನೇ ಪಂತಿ. ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ ನೋಡಿ, ‘ಪರ್ರ್’ ಅಂತ ಸದ್ದು. ಬಾಳೆಲೆ ಸೀಳಿತೇನೋ ಅಂದುಕೊಂಡೆ. ಎಲೆ ನೆಟ್ಟಗೇ ಇತ್ತು. ಹಿಂದಿನಿಂದ ತಣ್ಣಗೆ ಗಾಳಿ ಬಂತು.

ಹನ್ನೊಂದು ವರ್ಷದ ಪ್ಯಾಂಟು. ಎರಡು ಸಲ ಸೊಂಟ ಬಿಡಿಸಿದ್ದ ಟೈಲರ್, “ಇನ್ನು ಒಳಗೆ ಬಟ್ಟೆ ಇಲ್ಲ ಸಾರ್” ಅಂದಿದ್ದ. ಹೊಸದು ತಗೊಳ್ಳಿ ಅಂತ ಹೆಂಡತಿ ಹೇಳಿದಾಗ, “ಇದಕ್ಕೇನಾಗಿದೆ ಧಾಡಿ?” ಅಂದಿದ್ದೆ.

ಏಳುವಂತಿಲ್ಲ. ಮೂರನೇ ಪಂತಿಯವರು ಆಗಲೇ ಬೆನ್ನ ಹಿಂದೆ ಬಂದು ನಿಂತಿದ್ದಾರೆ. ಶಲ್ಯ ತರಲು ಹೋದ ಭಾವ ಬರುವ ತನಕ ಸುಮ್ನೆ ಹೋಳಿಗೆ ಹಾಕಿಸಿಕೊಳ್ಳುತ್ತಾ ಕೂತೆ. ನಾಲ್ಕಾಯಿತು.

ಮನೆಗೆ ಬಂದ ಮೇಲೆ, ಮಾನ ಕಳೆದ ಈ ವಸ್ತುವಿಗೆ ಪ್ಯಾಂಟು ಅಂತ ಹೆಸರಿಟ್ಟವರು ಯಾರು ಅಂತ ಹುಡುಕಿದೆ. ಮೂಲ ಸಿಕ್ಕಿದ್ದು ಇಟಲಿಯಲ್ಲಿ! ಅಲ್ಲಿ ಹದಿನಾರನೇ ಶತಮಾನದಲ್ಲಿ ಕಮೇಡಿಯಾ ದೆಲ್ಲಾರ್ತೆ ಅನ್ನೋ ನಗೆನಾಟಕ ಶುರುವಾಯಿತು. ಕಥೆಯ ಎಳೆ ಮಾತ್ರ ಗೊತ್ತಿರುತ್ತಿತ್ತು, ಮಾತೆಲ್ಲ ವೇದಿಕೆ ಮೇಲೇ ಹುಟ್ಟಬೇಕು. ಅದರಲ್ಲಿ ಆರ್ಲೆಕ್ಕಿನೋ ಅನ್ನೋ ಆಳಿನ ಕೈಯಲ್ಲೊಂದು ಜೋಡಿಪಟ್ಟಿಯ ಕೋಲು. ಹೊಡೆದರೆ ಸದ್ದು ಜಾಸ್ತಿ, ನೋವು ಕಡಿಮೆ. ಸ್ಲ್ಯಾಪ್‌ಸ್ಟಿಕ್ ಅನ್ನೋ ಇಂಗ್ಲಿಷ್ ಮಾತು ಆ ಬಗೆಯ ಕೋಲಿನದ್ದೇ. (ನನ್ನ ‘ಪರ್ರ್’ ಕೂಡ ಅದೇ ಜಾತಿ. ನೋವಂತೂ ಆಗಲಿಲ್ಲ.)

ಇನ್ನೊಬ್ಬ ಪಂತಲೋನೆ. ವೆನಿಸ್‌ನ ಮುದಿ ವ್ಯಾಪಾರಿ. ಕೊಕ್ಕಿನ ಮೂಗಿನ ಮುಖವಾಡ, ಚೂಪು ಗಡ್ಡ, ಕರಿ ನಿಲುವಂಗಿ, ಕಾಲಿಗಂಟಿದ ಕೆಂಪು ಉಡುಪು, ಸೊಂಟದಲ್ಲಿ ದುಡ್ಡಿನ ಚೀಲ. ಚೀಲ ಬಿಚ್ಚುವವನಲ್ಲ, ಮಹಾ ಜಿಪುಣ! ಹೆಸರೇನೋ ವೆನಿಸ್‌ನವರು ನಡೆದುಕೊಳ್ಳುತ್ತಿದ್ದ ಸಂತ ಪಂತಲಿಯೋನನದು. ಸಂತನ ಹೆಸರು ಜಿಪುಣನಿಗೆ ಬಂತು, ಜಿಪುಣನದು ಅವನ ಕಾಲುಡುಪಿಗೆ. ಫ್ರೆಂಚರು ಪಂತಲೋನ್ ಅಂದರು, ಇಂಗ್ಲಿಷಿನವರು ಪ್ಯಾಂಟಲೂನ್ಸ್ ಅಂದರು. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದವರು ಅದನ್ನು ಕತ್ತರಿಸಿ ಪ್ಯಾಂಟ್ಸ್ ಮಾಡಿದರು. ನಾವು ಬಾಲದ ‘ಸ್’ ಕಿತ್ತು ಉಕಾರ ಹಚ್ಚಿಕೊಂಡೆವು.

ಹೆಗಲ ಮೇಲಿಂದ ಇಣುಕಿ ಓದುತ್ತಿದ್ದ ಹೆಂಡತಿ, “ಜಿಪುಣ ಮುದುಕ ಅಂತ ನಿಮ್ಮ ಬಗ್ಗೆ ಯಾರ್ರೀ ಬರೆದಿದ್ದು?” ಅಂದಳು.

ಮರುದಿನ ಪ್ಯಾಂಟು ಹಿಡಿದು ಟೈಲರ್ ಹತ್ತಿರ ಹೋದೆ. ತೇಪೆಗೆ ಎಂಬತ್ತು ರೂಪಾಯಿ ಅಂದ.

“ಅರವತ್ತು ಮಾಡ್ಕೊಳ್ಳಿ” ಅಂದೆ.