ಮಷೀನು ಚಲೋ ಓದುತ್ತದೆ, ಹುಡುಗರ ಮಾತು ಬಿಡಿ

ಒಂಬತ್ತನೇ ತರಗತಿಗೆ ಬಂದರೂ ಒತ್ತಕ್ಷರ ಕಂಡರೆ ನಿಂತುಬಿಡುವ ಹುಡುಗರನ್ನು ಏನು ಮಾಡೋದು ಅಂತ ವಿಜಯಪುರ ಜಿಲ್ಲೆಯ ಮಾಸ್ತರುಗಳು ಇನ್ನು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಐ ಬಂದಿದೆ. ಹಾಗಂತ ತರಬೇತಿಯಲ್ಲಿ ಹೇಳಿದರು. ಹೇಳಿದರು ಅನ್ನೋದಕ್ಕಿಂತ ಪರದೆ ಮೇಲಿದ್ದದ್ದನ್ನು ಓದಿದರು. ಸಂಪನ್ಮೂಲ ವ್ಯಕ್ತಿಗಳು ನಮಗೆ ಬೆನ್ನು ಕೊಟ್ಟು ನಿಂತು ಒಂದೊಂದೇ ಸಾಲು ಓದುತ್ತಿದ್ದರೆ ನಾವು ಹಾಜರಿ ಪುಸ್ತಕ ಎಲ್ಲಿಗೆ ಬಂತು ಅಂತ ನೋಡುತ್ತಿದ್ದೆವು.

ದೊಡ್ಡ ಹುಡುಗರಿಗೆ ಓದು ಕಲಿಸುವ ವಿಷಯದಲ್ಲಿ ನಮ್ಮ ದೇಶದ ಲೆಕ್ಕಾಚಾರವೇ ಬೇರೆ. 2021ರಲ್ಲಿ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಶುರುವಾಯಿತು. 2026-27ರ ಹೊತ್ತಿಗೆ ಮಕ್ಕಳೆಲ್ಲ ಮೂರನೇ ತರಗತಿ ಮುಗಿಸುವಾಗ ಅರ್ಥ ಮಾಡಿಕೊಂಡು ಓದಬೇಕು ಅನ್ನೋದು ಅದರ ಗುರಿ. ಒಳ್ಳೆಯದೇ. ಆಟ-ಚಟುವಟಿಕೆಯಲ್ಲೇ ಕಲಿಸುವ ನಮ್ಮ ನಲಿಕಲಿಯೂ ಚಿಕ್ಕ ತರಗತಿಗಳಲ್ಲೇ ನಿಲ್ಲುತ್ತದೆ. ಅಲ್ಲಿಂದ ಎಂಟರವರೆಗೆ "ಬರುತ್ತೆ ಬಿಡಿ" ಅನ್ನುವ ನಂಬಿಕೆ. ಒಂಬತ್ತರಲ್ಲಿ "ಬರಬೇಕಿತ್ತಲ್ಲ" ಅನ್ನುವ ಆಶ್ಚರ್ಯ. ಹತ್ತರಲ್ಲಿ ಪಾಸಾಗುವಷ್ಟು ಮಾತ್ರ ಉರು ಹೊಡೆಸುವ ಪಾಸಿಂಗ್ ಪ್ಯಾಕೇಜ್.

2024ರ ಜನವರಿಯಲ್ಲಿ ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯ ವರದಿ ಬಂತು. ಹಳ್ಳಿಗಳ 14ರಿಂದ 18 ವರ್ಷದವರಲ್ಲಿ ಸುಮಾರು ಶೇ 25ರಷ್ಟು ಜನ ತಮ್ಮದೇ ಭಾಷೆಯ ಎರಡನೇ ತರಗತಿ ಪಾಠವನ್ನು ಸರಾಗವಾಗಿ ಓದಲಾರರು ಅಂತ ಅದು ಹೇಳಿತು. ಕರ್ನಾಟಕದಿಂದ ಆ ಸಮೀಕ್ಷೆಯಲ್ಲಿ ಇದ್ದದ್ದು ಮೈಸೂರು ಜಿಲ್ಲೆ. ಹಾಗಾಗಿ ನಾವು ನಿಶ್ಚಿಂತೆಯಿಂದ ಇದ್ದೆವು. ಅದೇ ವರ್ಷ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದವು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! ಗೋಡೆಗೆ ಒಂದು ಮಷೀನು ಹಾಕಿದ್ದಕ್ಕೆ ಹುಡುಗರಿಗೆ ಓದು ಬರೋದಿಲ್ಲ ಅಂತ ಗೊತ್ತಾಯಿತು. ಹಾಗಾದರೆ ಇನ್ನೊಂದು ಮಷೀನು ತಂದರೆ ಓದು ಬಂದೇ ಬರುತ್ತದೆ, ಅಲ್ವಾ?

ಮೊದಲು ಪಾಠ ಸರಳ ಮಾಡುವ ಪ್ರಯೋಗ ನಡೆಯಿತು. ಓದಲು ಕಷ್ಟಪಡುವ ಹುಡುಗರಿಗಾಗಿ ಜೋಳದ ರೊಟ್ಟಿ ಬಗ್ಗೆ ಐದು ಸುಲಭದ ವಾಕ್ಯ ಬರೆದುಕೊಡು ಅಂತ ಎಐಗೆ ಕೇಳಿದೆವು. ಅದು ಕಣ್ಣು ಮುಚ್ಚಿ ತೆರೆಯೋದರೊಳಗೆ ಕೊಟ್ಟಿತು: "ಜೋಳದ ರೊಟ್ಟಿಯು ಉತ್ತರ ಕರ್ನಾಟಕದ ಸಾಂಸ್ಕೃತಿಕ ಪರಂಪರೆಯಲ್ಲಿ ಮಹತ್ವಪೂರ್ಣ ಸ್ಥಾನವನ್ನು ಹೊಂದಿರುವ ಪೌಷ್ಟಿಕಾಂಶಭರಿತ ಆಹಾರವಾಗಿದೆ." ಇದು ಮೊದಲನೇ ವಾಕ್ಯ. ಇದನ್ನು ತಡವರಿಸದೆ ಓದುವ ಹುಡುಗ ಸಿಕ್ಕರೆ ನೇರ ಕೆಎಎಸ್ ಪರೀಕ್ಷೆಗೇ ಕೂರಿಸಬಹುದು. ಪಾಪ, ಅದರ ತಪ್ಪೂ ಇಲ್ಲ. ಅದು ಕಲಿತಿದ್ದು ಹೆಚ್ಚಾಗಿ ಇಂಗ್ಲಿಷ್ ಬರಹದಿಂದ. ಇಂಟರ್ನೆಟ್ಟಿನಲ್ಲಿ ಅದಕ್ಕೆ ಸಿಕ್ಕ ಅಷ್ಟಿಷ್ಟು ಕನ್ನಡದಲ್ಲಿ ಸುತ್ತೋಲೆಯ ವಾಸನೆಯೇ ಜಾಸ್ತಿ.

ಆಮೇಲೆ ಬಂದದ್ದು ಓದು ಕೇಳಿ ಅಂಕ ಕೊಡುವ ಆ್ಯಪ್. ಹುಡುಗ ಫೋನಿನ ಮುಂದೆ ಗಟ್ಟಿಯಾಗಿ ಓದಬೇಕು. ನಿಮಿಷಕ್ಕೆ ಎಷ್ಟು ಪದ, ಎಷ್ಟು ತಪ್ಪು ಅಂತ ಅದು ಎಣಿಸುತ್ತದೆ. ನಮ್ಮ ಕೋಣೆಯಲ್ಲಿ ಐವತ್ತು ಜನ, ಹೊರಗೆ ಬಿಸಿಯೂಟದ ತಟ್ಟೆ ಸದ್ದು, ಆಚೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಾಡು. ಆ್ಯಪ್ ಎಲ್ಲವನ್ನೂ ಕೇಳಿಸಿಕೊಂಡು ಎಲ್ಲದಕ್ಕೂ ಅಂಕ ಹಾಕಿತು. ಹುಡುಗರು ಸಿಂದಗಿ ಧಾಟಿಯಲ್ಲಿ ಎಳೆದು ಓದಿದ್ದೆಲ್ಲ ಅದರ ಲೆಕ್ಕದಲ್ಲಿ ತಪ್ಪು. "ಸರ್, ಇದಕ್ಕ ನಮ್ಮ ಮಾತು ತಿಳಿಯಂಗಿಲ್ರಿ" ಅಂತ ಒಬ್ಬ ಫೋನು ವಾಪಸು ಕೊಟ್ಟುಬಿಟ್ಟ.

ಒಂದು ವಾರದೊಳಗೆ ಅದೇ ಹುಡುಗನಿಗೆ ನೂರಕ್ಕೆ ನೂರು. ಕರೆದು ಕೇಳಿದೆ.

"ನಾ ಓದಿಲ್ರಿ ಸರ್, ಫೋನು ಓದೈತ್ರಿ."

ಅವನು ಮಾಡಿದ್ದು ಇಷ್ಟೇ. ಒಂದು ಫೋನಿನಲ್ಲಿ ಪಾಠ ಓದಿ ಹೇಳುವ ಎಐ. ಇನ್ನೊಂದರಲ್ಲಿ ಓದು ಕೇಳುವ ಎಐ. ಎರಡನ್ನೂ ಎದುರುಬದುರು ಹಿಡಿದು ಮಧ್ಯೆ ನಿಂತಿದ್ದ. ಮೊದಲನೇದು ಒಂದೂ ತಪ್ಪಿಲ್ಲದೆ ಓದಿತು, ಇನ್ನೊಂದು "ಭೇಷ್, ಹೀಗೇ ಮುಂದುವರಿಸು" ಅಂತ ನಕ್ಷತ್ರ ಕೊಟ್ಟಿತು. ಬೈಯಬೇಕೋ ವಿಜ್ಞಾನ ಮೇಳಕ್ಕೆ ಕಳಿಸಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅಂಕ ಮೇಲೆ ಹೋಗಿಯಾಗಿತ್ತು. ನಮ್ಮ ಶಾಲೆ ಹಸಿರು ಪಟ್ಟಿಯಲ್ಲಿ. ಹೇಗೆ ಸಾಧಿಸಿದಿರಿ ಅಂತ ವರದಿ ಕೇಳಿದರು. ನಾವು ಎಐ ಕೈಲಿ ಬರೆಸಿದೆವು, ಅವರು ಎಐ ಕೈಲಿ ಸಾರಾಂಶ ಮಾಡಿಸಿಕೊಂಡರು.

ಇನ್ನು ನಿಜವಾಗಿ ಓದು ಬಾರದ ಹುಡುಗ ದೀಪಾವಳಿ ಮುಗಿದ ಮೇಲೆ ಶಾಲೆಯಲ್ಲೇ ಇಲ್ಲ. ಅಪ್ಪ-ಅವ್ವನ ಜೊತೆ ಕಬ್ಬು ಕಡಿಯೋ ಗ್ಯಾಂಗಿನಲ್ಲಿ ಮಹಾರಾಷ್ಟ್ರಕ್ಕೆ ಹೋಗಿದ್ದಾನೆ. ಯುಗಾದಿ ಹೊತ್ತಿಗೆ ಬರುತ್ತಾನೆ. ಸರ್ಕಾರದ ವಿದ್ಯಾರ್ಥಿ ದಾಖಲೆಯ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಮಾತ್ರ ಅವನ ಹೆಸರು ಗಟ್ಟಿಯಾಗಿ ಕೂತಿದೆ. ಅವನಿಗೆ ಯಾವ ಆ್ಯಪ್ ಹಾಕೋದು ಅಂತ ತರಬೇತಿಯಲ್ಲಿ ಯಾರೂ ಹೇಳಲಿಲ್ಲ.

ಹಾಗಂತ ಈ ಮಷೀನು ಪೂರ್ತಿ ದಂಡ ಅಂತಲ್ಲ. ನಮ್ಮ ಕನ್ನಡ ಅಕ್ಕೋರು ಒಂದು ಕೆಲಸ ಮಾಡಿದರು. ಮೀಸೆ ಚಿಗುರಿದ ಹುಡುಗನ ಕೈಗೆ ಗಿಳಿ ಚಿತ್ರದ ಎರಡನೇ ತರಗತಿ ಪುಸ್ತಕ ಕೊಟ್ಟರೆ ಅವನು ನಾಚಿಕೆಯಿಂದಲೇ ಬಾಯಿ ಬಿಡೋದಿಲ್ಲ. ಅದಕ್ಕೇ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆ ಬಗ್ಗೆ, ಕ್ರಿಕೆಟ್ ಬಗ್ಗೆ ಎಐ ಕೈಲಿ ಪುಟ್ಟ ಪುಟ್ಟ ಬರಹ ಮಾಡಿಸಿಕೊಂಡರು. ಅದರ "ಹೊಂದಿರುತ್ತದೆ", "ಆಗಿರುತ್ತದೆ" ಎಲ್ಲ ಕೆಂಪು ಪೆನ್ನಿನಲ್ಲಿ ಹೊಡೆದು, ಒತ್ತಕ್ಷರ ಕಡಿಮೆ ಮಾಡಿದರು. ಊಟದ ಬಿಡುವಿನಲ್ಲಿ ನಾಲ್ಕು ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆರಳಿಟ್ಟು ಓದಿಸಿದರು. ಇಬ್ಬರು ಹಾದಿಗೆ ಬಂದರು. ಮುಂದೆ ಅದು ನಿಂತುಹೋಯಿತು. ಊಟದ ಬಿಡುವಿನಲ್ಲಿ ಅಕ್ಕೋರು ಆ್ಯಪಿಗೆ ಮೊಟ್ಟೆ-ಬಾಳೆಹಣ್ಣಿನ ಲೆಕ್ಕ ಹಾಕಬೇಕು, ಅದಾದ ಮೇಲೆ ಎಐ ಪ್ರಗತಿಯ ನಮೂನೆ ತುಂಬಬೇಕು. ಆ ನಮೂನೆಯಲ್ಲಿ "ಶಿಕ್ಷಕರು ಪಕ್ಕದಲ್ಲಿ ಕೂತು ಓದಿಸಿದರೇ?" ಅನ್ನುವ ಕಾಲಂ ಇಲ್ಲ.

ಮೊನ್ನೆ ಎರಡನೇ ಹಂತದ ತರಬೇತಿಗೆ ಸುತ್ತೋಲೆ ಬಂತು. ನಾಲ್ಕು ಪುಟ. ಗ್ರೂಪಿನಲ್ಲಿ ಬಿದ್ದ ಕೂಡಲೇ ಒಬ್ಬರು, "ಇದರಾಗ ಏನೈತಿ, ಎರಡ ಸಾಲಿನ್ಯಾಗ ಹೇಳ್ರೆಪ" ಅಂದರು. ಇನ್ನೊಬ್ಬರು ಎಐಗೆ ಕೊಟ್ಟು ಎರಡು ಸಾಲು ತೆಗೆದು ಹಾಕಿದರು. ಇಪ್ಪತ್ತು ಮಂದಿ ಹೆಬ್ಬೆರಳು ಎತ್ತಿದರು. ತಾರೀಖು ತಪ್ಪಿತ್ತು. ಅರ್ಧ ತಾಲೂಕು ಶುಕ್ರವಾರ ಹೋಗಿ ನೋಡಿದರೆ ಸಭಾಂಗಣಕ್ಕೆ ಬೀಗ.