ರಿಫ್ರೇನ್: ಪದ ಒಂದಲ್ಲ, ಎರಡು

‘ರಿಫ್ರೇನ್ ಅಂದರೆ ತಡೆದುಕೊಳ್ಳುವುದು. ಹಾಡಿನ ಪಲ್ಲವಿಗೂ ರಿಫ್ರೇನ್ ಅನ್ನುತ್ತಾರೆ, ಯಾಕೆಂದರೆ ಗಾಯಕ ಅಲ್ಲಿ ತಡೆದು ನಿಲ್ಲುತ್ತಾನೆ.’ ಇಂಗ್ಲಿಷಿನ ಈ ಪದದ ಬಗ್ಗೆ ಇಂಥದ್ದೊಂದು ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಕೇಳಲು ಚೆನ್ನಾಗಿದೆ, ಆದರೆ ತಪ್ಪು.

ಸ್ಪೆಲಿಂಗ್ ಒಂದೇ, ಬೇರು ಬೇರೆ. ತಡೆದುಕೊಳ್ಳುವುದು ಎಂಬ ಅರ್ಥದ ಕ್ರಿಯಾಪದ ಬಂದದ್ದು ಲ್ಯಾಟಿನ್‌ನ ‘ರೆಫ್ರೆನಾರೆ’ಯಿಂದ, ಹಳೆಯ ಫ್ರೆಂಚ್ ದಾರಿಯಲ್ಲಿ. ಅದರೊಳಗಿನ ‘ಫ್ರೆನುಮ್’ ಅಂದರೆ ಕುದುರೆಯ ಕಡಿವಾಣ. ನಾವು ನಾಲಿಗೆಗೆ ಕಡಿವಾಣ ಹಾಕು ಅನ್ನುತ್ತೇವಲ್ವಾ, ಅದೇ ಚಿತ್ರ. ಕನ್ನಡಿ ಮುಂದೆ ನಿಂತು ನಾಲಿಗೆ ಎತ್ತಿ ನೋಡಿ. ಕೆಳಗೆ ತೆಳ್ಳಗೆ ಹಗ್ಗದಂಥ ಒಂದು ಪೊರೆ ಕಾಣುತ್ತದೆ. ಡಾಕ್ಟರುಗಳು ಅದಕ್ಕೆ ‘ಫ್ರೆನುಲಮ್’ ಅನ್ನುತ್ತಾರೆ. ಅಂದರೆ ಪುಟ್ಟ ಕಡಿವಾಣ!

ಪಲ್ಲವಿಯ ರಿಫ್ರೇನ್ ಬಂದದ್ದು ‘ಮುರಿ’ ಎಂಬ ಅರ್ಥದ ‘ಫ್ರಾಂಗೆರೆ’ಯಿಂದ. ಫ್ರ್ಯಾಕ್ಚರ್, ಫ್ರಾಜೈಲ್ ಅದೇ ಮನೆಯವು. ಹಾಡಿನ ಓಟವನ್ನು ನಡುವೆ ಮುರಿದು ಮತ್ತೆ ಮತ್ತೆ ಬರುವ ಸಾಲು ಅದು.

‘ರಿಫ್ರೇನ್’ ಕ್ರಿಯಾಪದದ ಪಕ್ಕದಲ್ಲೇ ಏನನ್ನು ತಡೆಯಬೇಕು ಎಂದು ನೇರವಾಗಿ (ಕರ್ಮಪದವಾಗಿ) ಹೇಳುವುದು ಯಾವ ಕಾಲಕ್ಕೂ ತಪ್ಪು ಎಂಬ ಮಾತೂ ಅದೇ ಮೆಸೇಜಿನಲ್ಲಿದೆ. ಅದು ಇವತ್ತಿನ ಮಟ್ಟಿಗೆ ಮಾತ್ರ ಸರಿ. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ‘ರಿಫ್ರೇನ್ ದೈ ಫೂಟ್’, ಅಂದರೆ ನಿನ್ನ ಕಾಲನ್ನು ತಡೆ, ಎಂದಿದೆ. ಈಗ ಬೇರೆಯವರನ್ನು ತಡೆಯಲು ‘ರಿಸ್ಟ್ರೇನ್’ ಬೇಕು. ಅದರ ಬೇರು ಬಿಗಿದು ಕಟ್ಟುವುದು, ಕಡಿವಾಣವಲ್ಲ.

ಅಂದಹಾಗೆ, ‘ರಿಫ್ರೇನ್ ಟು’ ಅಂತ ಬೋರ್ಡ್ ಬರೆಸಬೇಡಿ. ‘ಫ್ರಮ್’ ಬರಬೇಕು.