ಅಲಬಾಮಾದಲ್ಲಿ ಬೇರ್ಪಡಿಕೆ ವೇತನ: ಒಂದು ಸ್ಪಷ್ಟನೆ

ಅಮೆರಿಕದ ಅಲಬಾಮಾದಲ್ಲಿ ಕೆಲಸ ಕಳೆದುಕೊಂಡವರಿಗೆ ಕಂಪನಿ ಕೊಡುವ ಬೇರ್ಪಡಿಕೆ ವೇತನಕ್ಕೆ ತೆರಿಗೆಯೇ ಇಲ್ಲ, ಆದ್ದರಿಂದ ಅದನ್ನು ರಿಟರ್ನ್‌ನಲ್ಲಿ ತೋರಿಸಬೇಕಿಲ್ಲ ಎಂಬ ಮಾತು ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ಅರ್ಧ ಸತ್ಯ.

ವಿನಾಯಿತಿ ಇರುವುದು ರಾಜ್ಯದ ಆದಾಯ ತೆರಿಗೆಗೆ ಮಾತ್ರ. ಅದೂ ಆಡಳಿತಾತ್ಮಕ ಸಿಬ್ಬಂದಿ ಕಡಿತದಿಂದ ಕೆಲಸ ಹೋದವರಿಗೆ, ಕಾನೂನು ನಿಗದಿಪಡಿಸಿದ ಮಿತಿಯೊಳಗಿನ ಮೊತ್ತಕ್ಕೆ. ಬೇರೆ ಕೆಲಸ ಸಿಕ್ಕಿತೆಂದು ತಾವೇ ರಾಜೀನಾಮೆ ಕೊಟ್ಟವರಿಗೆ ಇದು ಅನ್ವಯಿಸದು.

ಫೆಡರಲ್ (ಕೇಂದ್ರ) ಸರ್ಕಾರದ ಮಟ್ಟಿಗೆ ಈ ಹಣ ಸಂಬಳವೇ. ಇದಕ್ಕೆ ಸಾಮಾಜಿಕ ಭದ್ರತೆಯ ಶೇ. 6.2 ಮತ್ತು ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಶೇ. 1.45 ಕಡಿತವೂ ಅನ್ವಯಿಸುತ್ತದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2014ರಲ್ಲಿ ಕ್ವಾಲಿಟಿ ಸ್ಟೋರ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಗೊಂದಲ ಹುಟ್ಟುವುದು ಬಹುಶಃ ವರ್ಷದ ವೇತನ ಮತ್ತು ತೆರಿಗೆ ಕಡಿತದ ವಿವರವಾಗಿ ಕಂಪನಿ ಕೊಡುವ ಡಬ್ಲ್ಯೂ-2 ನಮೂನೆಯಲ್ಲಿ. ಅದರ 1ನೇ ಚೌಕದಲ್ಲಿ ಫೆಡರಲ್ ತೆರಿಗೆಗೆ ಒಳಪಡುವ ವೇತನವೂ 16ನೇ ಚೌಕದಲ್ಲಿ ರಾಜ್ಯದ ವೇತನವೂ ಇರುವುದರಿಂದ, ವಿನಾಯಿತಿ ದೊರೆತಾಗ ಎರಡನೆಯದು ಕಡಿಮೆ ಕಾಣಬಹುದು. ಅದು ಅಚ್ಚಿನ ತಪ್ಪಲ್ಲ. ಹಾಗೆಂದು 16ನೇ ಚೌಕದ ಅಂಕಿಯನ್ನೇ ಫೆಡರಲ್ ರಿಟರ್ನ್‌ಗೆ ಇಳಿಸಿದರೆ ಮಾತ್ರ ತಪ್ಪು ನಿಮ್ಮದಾಗುತ್ತದೆ.